ಐದನೆಯ ಅಳತೆ

ಹಾಲುಹಲ್ಲು ಅಂದರೆ ಎಷ್ಟಿದ್ದೀತು? ಒಂದು ಜೋಳದ ಕಾಳಿನಷ್ಟು. ನೀಲಾಂಬಿಕಾ ಅದನ್ನು ಚಿಮಟದಿಂದ ಎತ್ತಿ ಯಂತ್ರದ ತಟ್ಟೆಯ ಮೇಲಿಟ್ಟಳು. ಮುಚ್ಚಳ ಹಾಕಿ, ಗುಂಡಿ ಒತ್ತಿ, ಕೈ ಕಟ್ಟಿಕೊಂಡು ನಿಂತಳು. ಒಳಗೆ ಬೆಳಕಿನ ಸೂಜಿಯೊಂದು ಹಲ್ಲನ್ನು ಚುಚ್ಚಿ, ಕಣ್ಣಿಗೆ ಕಾಣದಷ್ಟು ಪುಡಿಯನ್ನು ಆವಿ ಮಾಡಿ, ಆ ಆವಿಯ ಬಣ್ಣಗಳನ್ನು ಓದುತ್ತಿತ್ತು. ಹಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಎಂಬುದೆಲ್ಲ ಆ ಬಣ್ಣಗಳಲ್ಲೇ ಇರುತ್ತದೆ. ಯಂತ್ರಕ್ಕೆ ಎಲ್ಲವೂ ಕಾಣುತ್ತದೆ. ನೀಲಾಂಬಿಕಾಗೆ ಕಾಣುವುದು ಮಾತ್ರ ಒಂದೇ.

ಯಂತ್ರಕ್ಕೂ ಪರದೆಗೂ ನಡುವೆ ಟಿಫಿನ್ ಡಬ್ಬಿಯಷ್ಟು ದೊಡ್ಡದಾದ ಬೂದು ಬಣ್ಣದ ಪೆಟ್ಟಿಗೆಯೊಂದಿತ್ತು. ಮೇಲೆ ಸರಕಾರದ ಲಾಂಛನ, ಬದಿಗೆ ಉಕ್ಕಿನ ಮುದ್ರೆ. ರಾಜ್ಯದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ, ಯಾವ ಪ್ರಯೋಗಾಲಯದ ಯಾವ ಯಂತ್ರ ನೋಡಿದರೂ, ಅದರ ಕುತ್ತಿಗೆಗೆ ಇಂಥದೊಂದು ಮುದ್ರೆಪೆಟ್ಟಿಗೆ ಕಟ್ಟಿರುತ್ತಾರೆ. ಸಂಶೋಧನೆ ಮಾಡುವವರು ಮೊದಲು ತಮ್ಮ ಪ್ರಶ್ನೆಯನ್ನು ಬರೆದು ಪ್ರಶ್ನಾ ಪ್ರಾಧಿಕಾರಕ್ಕೆ ಕಳಿಸಬೇಕು. ಪರವಾನಗಿ ಬಂದರೆ ಆ ಪ್ರಶ್ನೆಯನ್ನು ಪೆಟ್ಟಿಗೆಯೊಳಗೆ ತುಂಬುತ್ತಾರೆ. ಆಮೇಲೆ ಯಂತ್ರ ಏನನ್ನೇ ಅಳೆಯಲಿ, ಕೇಳಿದ ಪ್ರಶ್ನೆಗೆ ಸೇರಿದ್ದನ್ನು ಮಾತ್ರ ಪೆಟ್ಟಿಗೆ ಹೊರಗೆ ಬಿಡುತ್ತದೆ. ಉಳಿದದ್ದು ತಂತಿಯಲ್ಲಿ ರಾಜಧಾನಿಯ ಉಗ್ರಾಣಕ್ಕೆ ಹೋಗಿ ಬೀಳುತ್ತದೆ.

ನೀಲಾಂಬಿಕಾಳ ಪರವಾನಗಿಯ ಪ್ರಶ್ನೆ ಇಷ್ಟೇ: ಶಾಲೆಯ ಬಿಸಿಯೂಟ ಉಣ್ಣುವ ಮಕ್ಕಳ ಹಲ್ಲಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆಯೇ? ನೂರಾಹನ್ನೆರಡು ಮಕ್ಕಳ ಹಲ್ಲು. ಇದು ತೊಂಬತ್ತೇಳನೆಯದು.

ಪರದೆಯ ಮೇಲೆ ಕ್ಯಾಲ್ಸಿಯಂನ ಒಂದು ಗೆರೆ ಎದ್ದಿತು. ಚೆನ್ನಾಗಿಯೇ ಎದ್ದಿತು. ಅದರ ಎರಡೂ ಬದಿಗೆ ಕಪ್ಪು ಪಟ್ಟಿ. ಪೆಟ್ಟಿಗೆ ಕರ್ರೆಂದು ಸಣ್ಣ ಚೀಟಿಯೊಂದನ್ನು ಹೊರಗೆ ಚಾಚಿತು.

ತೋರಿಸಿದ್ದು: ೧. ತಡೆದದ್ದು: ೫.

ನೀಲಾಂಬಿಕಾ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಮೇಜಿನ ಖಾನೆ ಎಳೆದು ಹಿಂದಿನ ಚೀಟಿಗಳ ಕಟ್ಟು ಬಿಚ್ಚಿದಳು. ಹಲ್ಲಿನಲ್ಲಿ ಕ್ಯಾಲ್ಸಿಯಂ ಬಿಟ್ಟರೆ ರಂಜಕ, ಮೆಗ್ನೀಸಿಯಂ, ಸೋಡಿಯಂ, ಸತು ಇರುತ್ತವೆ. ಇದು ಎಲ್ಲ ಪುಸ್ತಕಗಳಲ್ಲೂ ಇದ್ದದ್ದೇ. ತಡೆದದ್ದು ನಾಲ್ಕು ಅಂದರೆ ಸರಿ. ಮೊದಲ ತೊಂಬತ್ತು ಚೀಟಿಗಳಲ್ಲೂ ನಾಲ್ಕೇ ಇತ್ತು. ತೊಂಬತ್ತೊಂದರಿಂದ ಐದು. ಒಂದಲ್ಲ, ಎರಡಲ್ಲ, ಏಳೂ ಚೀಟಿಗಳಲ್ಲಿ ಐದು.

ಆ ಏಳು ಹಲ್ಲುಗಳು ಬಂದದ್ದು ಹೂಗಾರ ಓಣಿಯಿಂದ. ಅವಳಿದ್ದ ಓಣಿ ಅದೇ.

ಅವತ್ತಿನ ದಿನಚರಿಯಲ್ಲಿ ಅವಳು ಬರೆದದ್ದು ಎರಡೇ ಸಾಲು. ‘ನಮ್ಮ ಓಣಿಯ ಮಕ್ಕಳ ಹಲ್ಲಿನಲ್ಲಿ ಐದನೆಯದೊಂದು ಇದೆ. ಅದು ಏನು ಎಂದು ಯಂತ್ರಕ್ಕೆ ಗೊತ್ತು.’ ಹೈಸ್ಕೂಲಿನಿಂದಲೂ ಅವಳಿಗೆ ದಿನಚರಿ ಬರೆಯುವ ರೂಢಿ. ನಾಲ್ಕು ಜನರ ನಡುವೆ ಬಾಯಿ ಬಿಡಲಾರದ ಹುಡುಗಿ. ಸೆಮಿನಾರಿನಲ್ಲಿ ಅವಳ ಸರದಿ ಬಂದರೆ ಹಿಂದಿನ ಬೆಂಚಿನವರು ‘ದನಿ ಬರಲಿ, ದನಿ’ ಎಂದು ನಗುತ್ತಿದ್ದರು. ಆಡಲಾಗದ್ದೆಲ್ಲ ಪುಸ್ತಕಕ್ಕೆ ಇಳಿಯುತ್ತಿತ್ತು. ಇದೂ ಹಾಗೆಯೇ ಇಳಿಯಿತು.

*

ಹೂಗಾರ ಓಣಿಯ ಮನೆ ನೀಲಾಂಬಿಕಾಳ ತವರೇ. ತಾಯಿ ತಂದೆ ತೀರಿದ ಮೇಲೆ ಅಕ್ಕ ಗಿರಿಜವ್ವ, ಅವಳ ಗಂಡ ಶೇಖಪ್ಪ, ಮಗಳು ಪಾರು ಅದೇ ಮನೆಯಲ್ಲಿದ್ದರು. ನೀಲಾಂಬಿಕಾಳಿಗೆ ಪಡಸಾಲೆಯ ಮೂಲೆಯಲ್ಲಿ ಒಂದು ಮೇಜು ಸಿಕ್ಕಿತ್ತು. ಮಣ್ಣಿನ ಮಾಳಿಗೆಯ ಹಳೆಯ ಮನೆ. ಓಣಿಯ ತುದಿಯಲ್ಲಿ ಬ್ಯಾಟರಿ ಒಡೆಯುವ ಅಂಗಳವಿತ್ತು. ಈಗ ಮನೆಮನೆಯ ಮೇಲೂ ಬಿಸಿಲು ಹಿಡಿಯುವ ಫಲಕ, ಕೆಳಗೆ ಅದರ ಬ್ಯಾಟರಿ. ಬ್ಯಾಟರಿ ಸತ್ತರೆ ಲಾರಿ ತುಂಬಿಕೊಂಡು ಇಲ್ಲಿಗೆ ಬರುತ್ತದೆ. ಒಡೆದು, ಒಳಗಿನ ಸೀಸವನ್ನು ಕರಗಿಸಿ, ಗಟ್ಟಿ ಕಟ್ಟಿ ಕಳಿಸುತ್ತಾರೆ. ಎಂಟು ವರ್ಷದಿಂದ ಓಣಿಯ ಅರ್ಧ ಗಂಡಸರಿಗೆ ಅಲ್ಲೇ ಕೆಲಸ. ಶೇಖಪ್ಪನಿಗೂ.

ಅವತ್ತು ಸಂಜೆ ಅವಳು ಮನೆಗೆ ಬಂದಾಗ ಪಾರು ಕಟ್ಟೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದಳು. ಗಿರಿಜವ್ವ ಒಳಗಿನಿಂದಲೇ ರೊಟ್ಟಿ ಬಡಿಯುತ್ತ ಕಿವಿ ಕೊಟ್ಟಿದ್ದಳು.

“ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು, ಏಳ್ಮೂರ್ಲೆ...” ಪಾರು ನಿಂತಳು. “ಏಳ್ಮೂರ್ಲೆ...”

“ಹೋದ ವರ್ಷ ಹತ್ತರ ತನಕ ನೀರು ಕುಡದಂಗ ಹೇಳ್ತಿದ್ದಿ!” ಒಳಗಿನಿಂದ ಕೂಗು ಬಂತು. “ಈಗ ಏನಾಗೈತಿ ಬಾಯಿಗೆ? ಹಲ್ಲಿನ ಜೋಡಿ ಬುದ್ಧಿನೂ ಉದರಾಕತ್ತೈತೇನ?”

ಪಾರು ನೀಲಾಂಬಿಕಾಳ ಕಡೆ ನೋಡಿ ಬಾಯಿ ತೆರೆದು ತೋರಿಸಿದಳು. ಕೆಳಗಿನ ಸಾಲಿನಲ್ಲಿ ಹೊಸ ಕಿಂಡಿ. “ಚಿಗವ್ವ, ಮೂರನೇದು ಬಿತ್ತು. ಅವ್ವ ಸಗಣ್ಯಾಗಿಟ್ಟು ಮಾಳಿಗಿ ಮ್ಯಾಲೆ ಒಗದ್ಲು.”

ಊರಿನಲ್ಲೆಲ್ಲ ಹಾಗೆಯೇ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಗಟ್ಟಿಯಾಗಿ ಬರುತ್ತದೆ. ನೀಲಾಂಬಿಕಾ ಈ ಸಂಶೋಧನೆಗೆ ಹಲ್ಲು ಕೂಡಿಸಲು ಹೊರಟಾಗ ತಾಯಂದಿರನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗಿತ್ತು. ಎದುರು ಮನೆಯ ಕಸ್ತೂರವ್ವನಂತೂ, “ನಮ್ಮ ಹುಡುಗಿ ಹಲ್ಲು ನಿಮ್ಮ ಯುನಿವರ್ಸಿಟ್ಯಾಗ ಮೊಳಿತೈತೇನ?” ಎಂದು ಹೀಯಾಳಿಸಿಯೇ ಕೊಟ್ಟಿದ್ದಳು. ಪಾರುವಿನ ಹಲ್ಲನ್ನು ಮಾತ್ರ ನೀಲಾಂಬಿಕಾ ತೆಗೆದುಕೊಳ್ಳುವಂತಿರಲಿಲ್ಲ. ರಕ್ತಸಂಬಂಧಿಗಳ ಮಾದರಿ ಸಲ್ಲದು ಎಂದು ನಿಯಮವಿತ್ತು.

“ಹೊಟ್ಟಿ ನೋವು ಹೋತಾ?” ನೀಲಾಂಬಿಕಾ ಕೇಳಿದಳು.

ಪಾರು ಇಲ್ಲವೆಂದು ತಲೆಯಾಡಿಸಿದಳು. ಕೆನ್ನೆ ಬಿಳಿಚಿಕೊಂಡಿತ್ತು. ದವಾಖಾನೆಯವರು ಜಂತಿನ ಗುಳಿಗೆ ಕೊಟ್ಟು, ರಕ್ತ ಕಡಿಮೆ ಎಂದು ಕೆಂಪು ಔಷಧಿ ಬರೆದು ಕಳಿಸಿದ್ದರು. ಆಗಲೇ ಶೇಖಪ್ಪ ಕೆಲಸದಿಂದ ಬಂದ. ಪಾರು ಓಡಿಹೋಗಿ ಅವನ ಕಾಲು ತಬ್ಬಿಕೊಂಡಳು. ಅವನ ಪ್ಯಾಂಟಿನ ಬೂದು ಧೂಳು ಅವಳ ಲಂಗಕ್ಕೆ, ಲಂಗದಿಂದ ಕೈಗೆ, ಕೈಯಿಂದ ಬಾಯಿಗೆ. ನೀಲಾಂಬಿಕಾ ಅದನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದಳು. ಅವತ್ತು ಮೊದಲ ಸಲ ಕಂಡಳು.

*

ಅವಳ ಮಾರ್ಗದರ್ಶಕಿ ಮೆಹರುನ್ನೀಸಾ ಬಾಗವಾನ ಅವರಿಗೆ ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ವಿದ್ಯಾರ್ಥಿಗಳೆಲ್ಲ ಬಾಗವಾನ ಮೇಡಂ ಅನ್ನುತ್ತಿದ್ದರು. ಅವರು ಏಳೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹಚ್ಚಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಸೀಸ ಅಂತೀಯಾ?”

“ಹ್ಞೂಂ ಮೇಡಂ.”

“ಬ್ಯಾರೆ ಏನೂ ಇರಬಹುದು.”

“ಇರಬಹುದ್ರಿ. ನೋಡಿದ್ರ ಗೊತ್ತಾಗ್ತಿತ್ತು.”

ಬಾಗವಾನ ಮೇಡಂ ಕಿಟಕಿಯ ಕಡೆ ತಿರುಗಿದರು. ಹೊರಗೆ ರಸಾಯನಶಾಸ್ತ್ರ ವಿಭಾಗದ ಹೊಸ ಕಟ್ಟಡ. ಅದರ ತುಂಬ ಪರವಾನಗಿ ಅರ್ಜಿ ಬರೆದುಕೊಡುವ ಸಿಬ್ಬಂದಿ ಕೂತಿದ್ದರು. ಸಂಶೋಧಕರಿಗಿಂತ ಅವರೇ ಹೆಚ್ಚಾಗಿ ವರ್ಷಗಳಾಗಿದ್ದವು.

“ಈ ಚೀಟಿ ಯಾಕ ಬರ್ತೈತಿ ಗೊತ್ತೇನ ನಿನಗ?” ಅವರು ಕೇಳಿದರು. “ನಾ ಜಗಳಾಡಿ ಬರಿಸಿದ್ದು. ಏನು ತಡದೀವಿ ಅಂತ ಹೇಳದಿದ್ರೂ, ಎಷ್ಟು ತಡದೀವಿ ಅಂತನಾದ್ರೂ ಹೇಳಬೇಕು ಅಂತ. ಕರಡು ಸಮಿತ್ಯಾಗ ನಾನೂ ಇದ್ದೆ ನೀಲಾ.”

ನೀಲಾಂಬಿಕಾಗೆ ಇದು ಗೊತ್ತಿರಲಿಲ್ಲ.

ಮೇಡಂ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಎಲ್ಲೋ ಒಂದು ಕಾಲೇಜಿನವರು ಮಕ್ಕಳ ನೆನಪಿನ ಶಕ್ತಿ ಹೆಚ್ಚಿಸುವ ಟಾನಿಕ್ಕಿನ ಮೇಲೆ ಸಂಶೋಧನೆ ಮಾಡಿದರು. ಸಾವಿರ ಅಳತೆ ತೆಗೆದರು. ಏನೂ ಸಿಗಲಿಲ್ಲ. ಆಮೇಲೆ ಕೂತು ಅಳತೆಗಳನ್ನು ಹಿಂದೆಮುಂದೆ ಮಾಡಿ, ಬೇಕಾದವರನ್ನು ಸೇರಿಸಿ, ಬೇಡವಾದವರನ್ನು ಬಿಟ್ಟು, ಎಲ್ಲೋ ಒಂದು ಕಡೆ ಲಾಭ ಕಂಡಂತೆ ತೋರಿಸಿ, ನಾವು ಹುಡುಕಿದ್ದು ಇದನ್ನೇ ಎಂದುಬಿಟ್ಟರು. ಟಾನಿಕ್ಕು ಅಂಗಡಿಗೆ ಬಂತು. ಹಲವು ಮಕ್ಕಳ ಮೂತ್ರಪಿಂಡ ಹೋಯಿತು.

“ನಾವೆಲ್ಲ ಬೀದಿಗಿಳದ್ವಿ. ಮೊದಲು ಪ್ರಶ್ನೆ, ಆಮೇಲೆ ಅಳತೆ. ಹಂಗ ಬರದ ಬೋರ್ಡು ನನ್ನ ಕೈಯಾಗಿತ್ತು. ಪ್ರಶ್ನೆ ಮೊದಲ ಬರದಿಟ್ರ, ಆಮ್ಯಾಲೆ ಯಾರೂ ಸುಳ್ಳು ಹೇಳಾಕ ಆಗೂದಿಲ್ಲ ಅಂತ. ಅದು ತಪ್ಪಲ್ಲ, ಈಗೂ ತಪ್ಪಲ್ಲ.” ಅವರು ಚೀಟಿಯೊಂದನ್ನು ಎತ್ತಿಕೊಂಡರು. “ನಾವು ಮಾತು ಬರಕೊಟ್ವಿ. ಅವರು ಅದಕ್ಕ ಪೆಟಗಿ ಮಾಡಿದ್ರು. ಕೇಳದೇ ಇದ್ದದ್ದು ತಾನಾಗಿ ಕಣ್ಣಿಗೆ ಬಿದ್ರ ಏನು ಮಾಡಬೇಕು ಅಂತ ನಾವ್ಯಾರೂ ಬರೀಲಿಲ್ಲ.”

“ಈಗ ಏನ್ ಮಾಡೂದ್ರಿ ಮೇಡಂ?”

“ತಿದ್ದುಪಡಿ ಅರ್ಜಿ ಹಾಕೂಣು. ಸೀಸ ನೋಡಬೇಕು ಅಂತ ಕೇಳೂಣು. ಮತ್ತೇನೈತಿ ದಾರಿ?” ಅವರು ಚೀಟಿಗಳನ್ನು ಕೂಡಿಸಿ ಅವಳ ಕೈಗಿತ್ತರು. “ಆದ್ರ ಅರ್ಜ್ಯಾಗ ಈ ಚೀಟಿ ಸುದ್ದಿ ತಗೀಬ್ಯಾಡ. ಅಂಗಳದ ಸುದ್ದಿ ಬರಿ. ಅಂಗಳ ಎಲ್ಲಾರಿಗೂ ಕಾಣತೈತಿ.”

*

ಅರ್ಜಿ ಹಾಕಿದ ಹತ್ತು ವಾರಕ್ಕೆ ವಿಚಾರಣೆಯ ದಿನ ಗೊತ್ತಾಯಿತು. ಅಷ್ಟರೊಳಗೆ ಉಳಿದ ಹದಿನೈದು ಹಲ್ಲುಗಳನ್ನೂ ಅಳೆಯಬೇಕಾಯಿತು. ಅಳೆಯದೆ ಬಿಟ್ಟರೆ ಪರವಾನಗಿಯೇ ರದ್ದು. ಅವೂ ಹೂಗಾರ ಓಣಿಯವು. ಹದಿನೈದರಲ್ಲೂ ಐದು. ಪಾರುವಿನ ಮಗ್ಗಿ ಐದಕ್ಕೆ ಇಳಿದಿತ್ತು. ನೀಲಾಂಬಿಕಾ ಅವಳನ್ನು ದೊಡ್ಡ ದವಾಖಾನೆಗೆ ಕರೆದೊಯ್ದು ರಕ್ತದಲ್ಲಿ ಸೀಸ ಇದೆಯೇ ನೋಡಿರೆಂದು ಕೇಳಿದಳು. ಅಲ್ಲಿನ ಯಂತ್ರಕ್ಕೂ ಪೆಟ್ಟಿಗೆ ಕಟ್ಟಿತ್ತು. ಸೀಸಪೀಡಿತ ಎಂದು ಪಟ್ಟಿಯಾದ ಓಣಿಯ ಮಕ್ಕಳಿಗೆ ಮಾತ್ರ ಆ ಪರೀಕ್ಷೆ. “ನಿಮ್ಮ ಓಣಿ ಪಟ್ಟ್ಯಾಗಿಲ್ಲ,” ಅಂದ ಡಾಕ್ಟರು, “ಅಲ್ಲಿ ಯಾರಾದ್ರೂ ಸಂಶೋಧನೆ ಮಾಡಿ ತೋರಿಸಿದ್ರ ಪಟ್ಟಿಗೆ ಬರ್ತೈತಿ” ಎಂದು ನಯವಾಗಿಯೇ ಹೇಳಿದರು.

ವಿಚಾರಣೆ ವಿಶ್ವವಿದ್ಯಾಲಯದ ಸಭಾಂಗಣದಲ್ಲೇ ನಡೆಯಿತು. ಪ್ರಾಧಿಕಾರದಿಂದ ಬಂದಿದ್ದ ಅಧಿಕಾರಿ ನಾಗಭೂಷಣ ಬೆಂಗಳೂರಿನವರು. ಕೆಟ್ಟವರೇನಲ್ಲ. ಹದಿನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವರು. ನೀಲಾಂಬಿಕಾ ಕೂರದೆ ನಿಂತೇ ಇದ್ದದ್ದನ್ನು ಕಂಡು ತಾವೇ ನೀರಿನ ಲೋಟ ಮುಂದೆ ಸರಿಸಿದರು.

“ಕೂತ್ಕೊಳಮ್ಮ. ಗಾಬರಿ ಬೇಡ. ಅರ್ಜಿ ಚೆನ್ನಾಗಿ ಬರ್ದಿದೀಯ. ಬ್ಯಾಟರಿ ಅಂಗಳ ಇದೆ, ಸೀಸದ ಸಂಶಯ ಇದೆ. ನ್ಯಾಯವಾದ ಪ್ರಶ್ನೆ. ಕೊಡಬಹುದು.”

ಅವಳ ಎದೆ ಹಗುರಾಯಿತು. ಪಕ್ಕದಲ್ಲಿದ್ದ ಬಾಗವಾನ ಮೇಡಂ ಮೇಜಿನ ಕೆಳಗೆ ಅವಳ ಕೈ ಅದುಮಿದರು.

“ಒಂದೇ ಒಂದು ವಿಷಯ,” ನಾಗಭೂಷಣ ಹಾಳೆ ತಿರುವಿದರು. “ಇದು ಅಳತೆಯಿಂದ ಹುಟ್ಟಿದ ಪ್ರಶ್ನೆ ಅಲ್ಲ ತಾನೆ? ಅಂದ್ರೆ, ಹಲ್ಲುಗಳನ್ನ ಅಳೀತಾ ಇದ್ದಾಗ ಏನೋ ಕಂಡು, ಅದರಿಂದ ಹೊಳೆದದ್ದಲ್ಲ ತಾನೆ? ಗೊತ್ತಿದೆಯಲ್ಲ, ಅದು ಮಾತ್ರ ನಿಷಿದ್ಧ. ಅಲ್ಲ ಅಂತ ಒಂದು ಸಾಲು ಬರ್ದು ಸಹಿ ಹಾಕು. ಮುಗೀತು.”

ಅವರು ಹಾಳೆ, ಪೆನ್ನು ಮುಂದಿಟ್ಟರು. ನಿಜಕ್ಕೂ ಉಪಕಾರ ಮಾಡುತ್ತಿದ್ದರು. ನೀಲಾಂಬಿಕಾ ಪೆನ್ನು ತೆಗೆದುಕೊಂಡಳು. ಹಾಳೆಯ ಮೇಲೆ ತುದಿ ಊರಿದಳು. ಊರಿದಲ್ಲೇ ಶಾಯಿ ಒಂದು ಚುಕ್ಕೆಯಾಗಿ ಹರಡಿತು.

“ಯಾಕಮ್ಮ?” ನಾಗಭೂಷಣ ಕೇಳಿದರು. ಆಮೇಲೆ, ನಗುತ್ತ, ಅವಳನ್ನು ಮಾತಿಗೆಳೆಯಲೆಂದೇ ಕೇಳಿದಂತೆ, “ದಿನಚರಿ ಬರಿಯೋ ಅಭ್ಯಾಸ ಇದೆಯಾ? ನನ್ನ ಮಗಳಿಗೂ ಇದೆ. ಹೀಗೇ, ಮಾತು ಕಮ್ಮಿ.”

“ಐತ್ರಿ,” ಅಂದಳು ನೀಲಾಂಬಿಕಾ.

ಬಾಗವಾನ ಮೇಡಂ ಕಣ್ಣು ಮುಚ್ಚಿಕೊಂಡರು.

ನಾಗಭೂಷಣರ ನಗು ಅಲ್ಲೇ ನಿಂತಿತು. ಅವರೂ ಆ ಮಾತು ಬೇಡವಾಗಿತ್ತು ಎನ್ನುವಂತೆ ಕನ್ನಡಕ ಸರಿಪಡಿಸಿಕೊಂಡರು. ಹಿಂದೆ ಕೂತ ಗುಮಾಸ್ತ ಪ್ರತಿಯೊಂದು ಮಾತನ್ನೂ ಟೈಪು ಮಾಡುತ್ತಿದ್ದ. ಸಂಶೋಧಕರು ಬರೆದಿಟ್ಟ ಯಾವ ಟಿಪ್ಪಣಿಯಾದರೂ ದಾಖಲೆಯೇ. ಇದೆ ಎಂದು ಗೊತ್ತಾದ ಮೇಲೆ ನೋಡದೆ ಬಿಡುವಂತಿಲ್ಲ.

ದಿನಚರಿ ಚೀಲದಲ್ಲಿತ್ತು. ಅವಳು ತೆಗೆದುಕೊಟ್ಟಳು. ಸುಳ್ಳು ಹೇಳಿದ್ದರೆ ಆಗುತ್ತಿತ್ತು, ಮನೆಯಲ್ಲಿದೆ ಎಂದಿದ್ದರೂ ಆಗುತ್ತಿತ್ತು. ಈ ಎರಡೂ ಅವಳಿಗೆ ಹೊಳೆದದ್ದು ಪುಸ್ತಕ ಅವರ ಕೈಗೆ ಹೋದ ಮೇಲೆ.

ನಾಗಭೂಷಣ ಒಂದೊಂದೇ ಪುಟ ತಿರುವಿದರು. ಅಕ್ಕನ ಮೇಲಿನ ಸಿಟ್ಟು, ಸೆಮಿನಾರಿನ ನಗು, ಒಂದು ದಿನ ಕಾರಣವಿಲ್ಲದೆ ಅತ್ತದ್ದು. ಯಾರೂ ಓದದಿರಲೆಂದು ಬರೆದದ್ದೆಲ್ಲ ಟ್ಯೂಬ್‌ಲೈಟಿನ ಕೆಳಗೆ ತೆರೆದುಕೊಂಡಿತು. ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಅದನ್ನವರು ಗಟ್ಟಿಯಾಗಿ ಓದಿದರು, ದಾಖಲೆಗಾಗಿ. ‘ನಮ್ಮ ಓಣಿಯ ಮಕ್ಕಳ ಹಲ್ಲಿನಲ್ಲಿ ಐದನೆಯದೊಂದು ಇದೆ.’

ಗುಮಾಸ್ತ ಅದನ್ನೂ ಟೈಪು ಮಾಡಿದ.

“ನೋಡಮ್ಮ,” ನಾಗಭೂಷಣ ಪುಸ್ತಕ ಮುಚ್ಚಿ ಅಂದರು, “ಪ್ರಶ್ನೆ ಕಲುಷಿತ ಆಯ್ತು. ಈ ಓಣಿ, ಈ ಹಲ್ಲು, ಈ ಲೋಹ. ಇದನ್ನ ಇನ್ನು ಮೂರು ವರ್ಷ ನೀನಷ್ಟೇ ಅಲ್ಲ, ರಾಜ್ಯದಲ್ಲಿ ಯಾರೂ ಕೇಳೋ ಹಾಗಿಲ್ಲ. ನಾನು ಮಾಡಿದ ನಿಯಮ ಅಲ್ಲ ಇದು.”

“ಅದು ಉಗ್ರಾಣದಾಗೈತಲ್ರೀ!” ಬಾಗವಾನ ಮೇಡಂ ಎದ್ದು ನಿಂತಿದ್ದರು. “ಇಪ್ಪತ್ತೆರಡು ಹಲ್ಲಿನ ಅಳತಿ ನಿಮ್ಮ ಹತ್ರ ಐತಿ. ನೀವಾದ್ರೂ ತಗದು ನೋಡ್ರಿ. ನಮಗ ಹೇಳಬ್ಯಾಡ್ರಿ ಬೇಕಾದ್ರ. ನೋಡ್ರಿ ಸಾಕು.”

“ಹೇಗೆ ನೋಡ್ಲಿ ಮೇಡಂ? ನೋಡೋಕೆ ನಮಗೂ ಒಂದು ಪ್ರಶ್ನೆ ಬೇಕಲ್ಲ.” ನಾಗಭೂಷಣ ವ್ಯಂಗ್ಯ ಮಾಡುತ್ತಿರಲಿಲ್ಲ. ದಣಿದಿದ್ದರು. “ಆ ಉಗ್ರಾಣದ ಬಾಗಿಲು ಈವರೆಗೆ ಯಾರೂ ತೆಗೆದಿಲ್ಲ.”

*

ಮರುದಿನ ಮಧ್ಯಾಹ್ನ ಬಾಗವಾನ ಮೇಡಂ ಫೋನು ಮಾಡಿ ಒಂದೇ ಮಾತು ಕೇಳಿದರು. “ನಿಮ್ಮ ಪಾರುನ ಹಲ್ಲು ಎಲ್ಲಿ ಒಗದಾರ?”

ನೀಲಾಂಬಿಕಾ ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿದಳು. ಮಾಳಿಗೆಯ ಅಂಚಿನ ಕುಂಬಿಗೋಡೆಯ ಮೂಲೆಯಲ್ಲಿ ಸಗಣಿಯ ಮೂರು ಉಂಡೆಗಳು ಒಣಗಿ ಬಿದ್ದಿದ್ದವು. ಒಂದನ್ನು ಒಡೆದು ಹಲ್ಲು ತೆಗೆದಳು. ಇಳಿಯುವ ಮೊದಲು ಅವಳಿಗೆ ಮತ್ತೊಂದು ಹೊಳೆಯಿತು. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಹಾಗಾಗಿ ಹಳೆಯದೆಲ್ಲ ಕೆಳಗೆ ಸೇರುತ್ತದೆ. ಕುರ್ಪಿಯಿಂದ ಆ ಮೂಲೆಯನ್ನೇ ಗೇಣುದ್ದ ಅಗೆದಳು. ಅರ್ಧ ತಾಸಿನ ಮೇಲೆ, ಹಳದಿಗಟ್ಟಿದ ಒಂದು ಪುಟ್ಟ ಹಲ್ಲು ಸಿಕ್ಕಿತು. ಅಕ್ಕನದೋ ತನ್ನದೋ. ಯಾರದಾದರೇನು, ಅಂಗಳ ಇಲ್ಲದ ಕಾಲದ್ದು.

ಬಾಗವಾನ ಮೇಡಂ ತಮ್ಮ ಅಡುಗೆಮನೆಯ ಕಟ್ಟೆಯನ್ನು ತೊಳೆದು, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಫ್ರಿಜ್ಜಿನ ತಳದಿಂದ ಒಂದು ಕಪ್ಪು ಶೀಶೆ ತೆಗೆದರು. ಒಳಗೆ ಡೈಥೈಜೋನ್ ಎಂಬ ಕಪ್ಪು ಪುಡಿ.

“ನಮ್ಮ ಗುರುಗಳ ಕಾಲಕ್ಕ ಪೆಟಗಿನೂ ಇರಲಿಲ್ಲ, ಯಂತ್ರನೂ ಇರಲಿಲ್ಲ. ಇದರಾಗ ನೋಡ್ತಿದ್ರು. ಕರಗಿಸಿದ್ರ ಹಸಿರು ನೀರು. ಸೀಸ ಇತ್ತು ಅಂದ್ರ ಕೆಂಪಾಗತೈತಿ. ಬ್ಯಾರೆ ಲೋಹ ಅಡ್ಡ ಬರದಂಗ ಈ ಉಪ್ಪು ಹಾಕೂದು.” ಅವರ ಕೈ ಚುರುಕಾಗಿತ್ತು. “ಕಾಯ್ದೆ ಯಂತ್ರದ ಬಗ್ಗೆ ಬರದೀವಿ. ಕಣ್ಣಿನ ಬಗ್ಗೆ ಬರಿಯಾಕ ಮರತೀವಿ.”

“ಮಾಳಿಗಿ ಮ್ಯಾಲಿನ ಧೂಳು ಹತ್ತಿ ಕೆಂಪಾದ್ರ?” ನೀಲಾಂಬಿಕಾ ಕೇಳಿದಳು. ಅಂಥ ಹೊತ್ತಿನಲ್ಲೂ ಕೇಳಿದಳು.

ಮೇಡಂ ಅವಳನ್ನು ಪ್ರೀತಿಯಿಂದ ನೋಡಿದರು. “ಅದಕ್ಕ ಹಳೇ ಹಲ್ಲು ತಂದೀಯಲ್ಲ, ಶಾಣ್ಯಾಕಿ. ಎರಡೂ ಅದೇ ಮಾಳಿಗಿ ಮ್ಯಾಲೆ ಇದ್ದಾವು. ಧೂಳಿನ ಆಟ ಆದ್ರ ಎರಡೂ ಕೆಂಪಾಗಬೇಕು.”

ಎರಡೂ ಹಲ್ಲುಗಳ ಮೈಯನ್ನು ಆಮ್ಲದಲ್ಲಿ ತೊಳೆದರು. ಮೇಲಿನ ಪದರ ಹೋಗುವವರೆಗೆ ತೊಳೆದರು. ಒಳಗಿನದನ್ನು ಕರಗಿಸಿ, ಎರಡು ಗಾಜಿನ ನಳಿಗೆಗಳಲ್ಲಿ ಹಸಿರು ನೀರು ಬೆರೆಸಿ ಅಲುಗಾಡಿಸಿದರು.

ಹಳೆಯ ಹಲ್ಲಿನ ನಳಿಗೆ ಹಸಿರಾಗಿಯೇ ಉಳಿಯಿತು. ಪಾರುವಿನದು ಮೊದಲು ಮಂಕಾಯಿತು, ಆಮೇಲೆ ತಳದಿಂದ ಕೆಂಪೇರುತ್ತ ಬಂತು. ಹಣ್ಣಾಗತೊಡಗಿದ ಕವಳಿಕಾಯಿಯ ಕೆಂಪು.

ನೀಲಾಂಬಿಕಾಗೆ ಆ ಬಣ್ಣ ಚೆಂದ ಕಂಡಿತು. ಚೆಂದ ಕಂಡದ್ದಕ್ಕೇ ಅವಳು ಗೋಡೆಗೆ ಮುಖ ಮಾಡಿ ಅತ್ತಳು.

“ಇದನ್ನ ಎಲ್ಲೂ ಬರೀಬ್ಯಾಡ,” ಅಂದರು ಮೇಡಂ. “ಮುದ್ರೆ ಇಲ್ಲದ ಫಲಿತಾಂಶ ಜನರಿಗೆ ಹೇಳಿದ್ರ ಭೀತಿ ಹಬ್ಬಿಸಿದ್ರಿ ಅಂತ ಹಿಡೀತಾರ. ನನ್ನದೇನು, ಎಂಟು ತಿಂಗಳ ಕೆಲಸ, ಅದೂ ಈಗ ಆರಕ್ಕ ಬಂದೈತಿ. ನಿನ್ನದು ಇಡೀ ಬದುಕು.” ನಳಿಗೆಗಳನ್ನು ತೊಳೆಯಲು ಎತ್ತಿಕೊಂಡರು. “ಬರೀಬ್ಯಾಡ ಅಂದೆ. ಹೇಳಬ್ಯಾಡ ಅಂತ ನಾ ಹೆಂಗ ಅನ್ನಲಿ?”

*

ಹೇಳಲೇಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಓಣಿಗೆ ಕಾಲಿಟ್ಟರೆ ಜನ ಕಟ್ಟೆಕಟ್ಟೆಗೂ ಕೂತು ಒಂದು ಹಾಳೆ ಓದುತ್ತಿದ್ದರು. ಮುನಸಿಪಾಲಿಟಿಯವರು ಹಂಚಿ ಹೋಗಿದ್ದರು. ಗಿರಿಜವ್ವ ದೂರದಿಂದಲೇ ಹಾಳೆ ಎತ್ತಿ ತೋರಿಸಿದಳು.

“ನಿನ್ನ ಫೋಟೋ ಬಂದೈತಿ ನೀಲಾ! ಮನಿಯಾಗ ಒಂದು ಮಾತೂ ಹೇಳಲಿಲ್ಲಲ್ಲ!”

ನೂರಾಹನ್ನೆರಡು ಹಲ್ಲುಗಳ ಅಳತೆ ಮುಗಿದಿತ್ತು. ತಿದ್ದುಪಡಿ ಅರ್ಜಿ ತಳ್ಳಿಹಾಕಿದ ಕೂಡಲೇ ಮೊದಲಿನ ಪರವಾನಗಿಯ ಫಲಿತಾಂಶ ತಾನಾಗಿ ಪ್ರಕಟವಾಗುತ್ತದೆ. ನಿಯಮವೇ ಹಾಗೆ. ಹಾಳೆಯಲ್ಲಿ ಅವಳ ಗುರುತಿನ ಚೀಟಿಯ ಫೋಟೋ. ಕೆಳಗೆ ದಪ್ಪ ಅಕ್ಷರ: ‘ಹೂಗಾರ ಓಣಿಯ ಮಕ್ಕಳ ಹಲ್ಲು ಸದೃಢ. ವಿಶ್ವವಿದ್ಯಾಲಯದ ಸಂಶೋಧಕಿ ನೀಲಾಂಬಿಕಾ ಹಡಪದ ಅವರ ಅಧ್ಯಯನದಿಂದ ದೃಢ.’ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕ್ಯಾಲ್ಸಿಯಂ ಸಾಕಷ್ಟಿತ್ತು.

“ಹಡಪದವರ ಹುಡುಗಿ ಓಣಿಗೆ ಹೆಸರು ತಂದ್ಲು,” ಎಂದಳು ಕಸ್ತೂರವ್ವ. “ನಾ ಸುಮ್ಮ ಚಾಷ್ಟಿ ಮಾಡಿದ್ದೆ ನೋಡವ್ವ. ನಮ್ಮ ರೇಣುನ ಹಲ್ಲೂ ಇದರಾಗೈತಿ ಅಲಾ?”

ಐತಿ, ತೊಂಬತ್ತೇಳನೆಯದು. ನೀಲಾಂಬಿಕಾ ಬಾಯಿ ತೆರೆದಳು. ಎಂದೂ ತೆರೆಯದಷ್ಟು ಅಗಲವಾಗಿ ತೆರೆದಳು. “ಕಸ್ತೂರವ್ವ, ಹಲ್ಲಿನಾಗ ಸೀಸ ಐತಿ. ಅಂಗಳದ ಧೂಳು. ಮಕ್ಕಳ ತಲೀಗೆ ಏರತೈತಿ. ಹುಡುಗರನ್ನ ಇಲ್ಲಿ ಇಟಗೋಬ್ಯಾಡ್ರಿ.”

ಕಟ್ಟೆಗಳ ಮೇಲಿನವರು ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದರು. ಆಮೇಲೆ ಕಸ್ತೂರವ್ವನ ಗಂಡ ಹಾಳೆಯನ್ನು ಎತ್ತಿ ಹಿಡಿದ. “ಇದರಾಗ ಹಂಗ ಬರದಿಲ್ಲಲ್ಲ?”

“ಅದರಾಗ ಬರಿಯಾಕ ಬಿಡೂದಿಲ್ರಿ.”

“ನೀನ ಅಲ್ಲೇನವ್ವ ಬರದಾಕಿ?”

ಶೇಖಪ್ಪ ಹೊಸ್ತಿಲಲ್ಲಿ ನಿಂತಿದ್ದ. “ನೀಲಾ, ಒಳಗ ಬಾ,” ಅಂದ ಮೆಲ್ಲಗೆ. “ಅಂಗಳ ಮುಚ್ಚಿಸಿ ನಮಗ ಊಟಕ್ಕ ಹಾಕಾವ್ರು ಯಾರು? ಮನ್ಯಾಗಿನ ಮಾತು ಬೀದ್ಯಾಗ ಆಡಬ್ಯಾಡ.”

ಗಿರಿಜವ್ವ ಮಾತ್ರ ಹತ್ತಿರ ಬಂದಳು. ಹಾಳೆಯನ್ನು ನೋಡಿದಳು, ತಂಗಿಯ ಮುಖ ನೋಡಿದಳು. ತಂಗಿ ಬೀದಿಯಲ್ಲಿ ಗಂಟಲೆತ್ತಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು. ನಾಲ್ಕನೆಯ ದಿನ ಪಾರುವಿನ ಬಟ್ಟೆ ಗಂಟು ಕಟ್ಟಿ, ಮಗಳನ್ನು ಕರೆದುಕೊಂಡು ಗಂಡನ ಊರಿಗೆ ಹೊರಟಳು. ಶೇಖಪ್ಪ ಬಸ್ಸಿನ ತನಕ ಹೋಗಿ, ಮಗಳನ್ನು ಮುಟ್ಟದೆ ದೂರ ನಿಂತು, ಅಲ್ಲಿಂದಲೇ ಕೆಲಸಕ್ಕೆ ಹೋದ.

“ಚಿಗವ್ವ, ಅಲ್ಲಿ ಹೋದ್ರ ಮಗ್ಗಿ ಬರ್ತಾವ?” ಬಸ್ಸಿನ ಕಿಟಕಿಯಿಂದ ಪಾರು ಕೇಳಿದಳು.

ಉಳಿದ ಮಗ್ಗಿಯಾದರೂ ಇನ್ನು ಮೇಲೆ ಹೋಗದಿರಬಹುದು. ಹೋದದ್ದು ಮರಳುತ್ತದೆ ಎಂದು ನೀಲಾಂಬಿಕಾ ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ. “ಬರ್ತಾವ,” ಅಂದಳು. ಪ್ರಾಧಿಕಾರದವರ ಮುಂದೆ ಬಾರದ ಸುಳ್ಳು ಅಲ್ಲಿ ಸುಲಭವಾಗಿ ಬಂತು.

ಅವಳು ತಿರುಗಿ ಓಣಿಗೆ ಬಂದಾಗ ಕಸ್ತೂರವ್ವ ಬಾಗಿಲಲ್ಲಿ ಸಗಣಿ ಮಿದಿಯುತ್ತಿದ್ದಳು. ಪಕ್ಕದಲ್ಲಿ ರೇಣು, ಬಾಯಿಗೆ ಕೈ ಅಡ್ಡ ಹಿಡಿದು. ಅಂಗೈಯಲ್ಲಿ ಆಗಷ್ಟೇ ಬಿದ್ದ ಹಲ್ಲು.

“ಅದನ್ನ ನನಗ ಕೊಡ್ರಿ ಕಸ್ತೂರವ್ವ,” ನೀಲಾಂಬಿಕಾ ಕೈ ಚಾಚಿದಳು.

“ಮತ್ತ್ಯಾಕವ್ವ? ನಿನ್ನ ಹಲ್ಲು ಕೂಡಿಸೂದು ಮುಗದೈತಲ್ಲ. ಗಟ್ಟಿ ಅದಾವಂತ ನೀನ ಬರದೀದಿ.” ಕಸ್ತೂರವ್ವ ಸಿಟ್ಟಿನಿಂದ ಹೇಳಲಿಲ್ಲ. ಹಲ್ಲನ್ನು ಸಗಣಿಯಲ್ಲಿ ಒತ್ತಿ, ಉಂಡೆ ಕಟ್ಟಿ, ಮಗಳ ತಲೆಗೆ ಒಂದು ಸುತ್ತು ಹಾಕಿ ಮೇಲಕ್ಕೆ ಎಸೆದಳು. ಮೇಲೆ ತಟ್ ಎಂದು ಸಣ್ಣ ಸದ್ದಾಯಿತು. ರೇಣು ಚಪ್ಪಾಳೆ ತಟ್ಟಿದಳು.

ತಾಯಿ ಮಗಳು ಒಳಗೆ ಹೋಗುವ ತನಕ ಕಾದು, ನೀಲಾಂಬಿಕಾ ತಮ್ಮ ಮನೆಯ ನಿಚ್ಚಣಿಕೆ ತಂದು ಎದುರಿನ ಗೋಡೆಗೆ ಆನಿಸಿ ಹತ್ತಿದಳು. ಮೇಲಿನಿಂದ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಂಡವು. ಎಲ್ಲದರ ಮೇಲೂ ಅದೇ ಬೂದು ಧೂಳು. ಅಲ್ಲಲ್ಲಿ ಒಣಗಿದ ಸಣ್ಣ ಸಣ್ಣ ಉಂಡೆಗಳು. ಕಾಯ್ದೆಯ ಪ್ರಕಾರ ಅವು ಮಾದರಿಗಳಲ್ಲ. ಯಾರೂ ಕೇಳಿರದ ಹಲ್ಲುಗಳು.

ಮನೆಗೆ ಬಂದು ಮೇಜಿನ ಮುಂದೆ ಕೂತು ಹೊಸ ದಿನಚರಿ ತೆಗೆದಳು. ಹಳೆಯದು ಪ್ರಾಧಿಕಾರದಲ್ಲೇ ಉಳಿದಿತ್ತು. ತಾರೀಖು ಬರೆದಳು. ಕೆಳಗೆ ಏನು ಬರೆದರೂ ದಾಖಲೆ. ಪೆನ್ನಿಗೆ ಮುಚ್ಚಳ ಹಾಕಿ, ಸಗಣಿ ಉದುರಿಸಿ ಒರೆಸಿದ ರೇಣುವಿನ ಹಲ್ಲನ್ನು ಖಾಲಿ ಪುಟದ ನಡುವೆ ಇಟ್ಟು, ಪುಸ್ತಕ ಮುಚ್ಚಿದಳು.

ಪುಸ್ತಕ ಪೂರ್ತಿ ಮುಚ್ಚಲಿಲ್ಲ.